ರಜೆಗೆ ಕರಗದ ಭಯ

"ಹತ್ತು ದಿನ ಊರಿಗೆ ಹೋಗಿ ಬಾ, ಎಲ್ಲ ಸರಿಹೋಗುತ್ತೆ." ಮನಸ್ಸು ಬಳಲಿದವರಿಗೆ ನಾವೆಲ್ಲ ಮೊದಲು ಹೇಳುವ ಮಾತು ಇದು. ದಣಿವಿಗೆ ಇದು ಒಳ್ಳೆಯ ಮದ್ದೇ. ಆದರೆ ಭಯ ಇದಕ್ಕೆ ಬಗ್ಗುವುದಿಲ್ಲ. ಯಾಕೆ ಬಗ್ಗುವುದಿಲ್ಲ ಅನ್ನುವುದಕ್ಕೆ ಮಿದುಳಿನ ಮಟ್ಟದಲ್ಲಿ ಸಿಕ್ಕ ಸ್ಪಷ್ಟ ಉತ್ತರಗಳಲ್ಲೊಂದು ಬೆಂಗಳೂರಿನಲ್ಲೇ ಸಿಕ್ಕಿತು.

ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದೊಳಗೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್, ಇದೆ. ಅಲ್ಲಿ ಸುಮಂತ್ರ ಚಟ್ಟರ್ಜಿ ಮತ್ತು ಸಂಗಡಿಗರು ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರ ಜೊತೆಗೂಡಿ ಮಾಡಿದ ಕೆಲಸ 2002ರಲ್ಲಿ ಪ್ರಕಟವಾಯಿತು. ಪ್ರಯೋಗ ಸರಳ. ಇಲಿಗಳನ್ನು ದಿನಕ್ಕೆ 2 ಗಂಟೆ, ಸತತ 10 ದಿನ, ಮಿಸುಕಾಡಲಾಗದಂತೆ ಚೀಲದಲ್ಲಿ ಹಿಡಿದಿಟ್ಟರು. ಹೊಡೆತವಿಲ್ಲ, ಗಾಯವಿಲ್ಲ, ಅಲುಗಾಡಲು ಆಗದ ಸಂಕಟ ಮಾತ್ರ. ಆಮೇಲೆ ಮಿದುಳಿನ ಎರಡು ಜಾಗಗಳನ್ನು ನೋಡಿದರು. ಒಂದು ಹಿಪೊಕ್ಯಾಂಪಸ್: ಎಲ್ಲಿ, ಯಾವಾಗ, ಯಾವುದರ ಜೊತೆ ಯಾವುದು ನಡೆಯಿತು ಅನ್ನುವ ನೆನಪನ್ನು ಕಟ್ಟುವ ಜಾಗ. ಇನ್ನೊಂದು ಅಮಿಗ್ಡಲ: ಅಪಾಯದ ಗುರುತುಗಳನ್ನು ಕಲಿತಿಟ್ಟುಕೊಳ್ಳುವ, ಬಾದಾಮಿ ಗಾತ್ರದ ಗಂಟು.

ನೋಡಿದ್ದು ಹೇಗೆ ಅನ್ನುವುದೂ ಚಂದದ ಸಂಗತಿ. ಕಮಿಲ್ಲೊ ಗಾಲ್ಗಿ 1873ರಲ್ಲಿ ಕಂಡುಕೊಂಡ ಬಣ್ಣ ಕಟ್ಟುವ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಮಿದುಳಿನ ತುಂಡನ್ನು ಮೊದಲು ಡೈಕ್ರೋಮೇಟ್ ದ್ರಾವಣದಲ್ಲಿ, ನಂತರ ಸಿಲ್ವರ್ ನೈಟ್ರೇಟ್‌ನಲ್ಲಿ ನೆನೆಹಾಕುತ್ತಾರೆ. ನೂರು ನರಕೋಶಗಳಿದ್ದರೆ ಅವುಗಳಲ್ಲಿ ಕೆಲವೇ ಕೆಲವು ಕಪ್ಪಾಗುತ್ತವೆ. ಆದರೆ ಕಪ್ಪಾದದ್ದು ಬುಡದಿಂದ ತುದಿಯವರೆಗೆ ಪೂರ್ತಿ ಕಪ್ಪು. ಎಲ್ಲ ಕೋಶಗಳೂ ಬಣ್ಣ ಹಿಡಿದಿದ್ದರೆ ಕಾಣುತ್ತಿದ್ದುದು ಮಸಿ ಮೆತ್ತಿದ ಗೋಡೆ. ಕೆಲವೇ ಹಿಡಿಯುವುದರಿಂದ ಹಳದಿ ಬಯಲಿನಲ್ಲಿ ಎಲೆ ಉದುರಿದ ಒಂಟಿ ಮರದ ಹಾಗೆ ಒಂದೊಂದು ಕೋಶವೂ ಬಿಡಿಯಾಗಿ ಕಾಣುತ್ತದೆ. ಕೊಂಬೆ ಎಷ್ಟು, ಉದ್ದ ಎಷ್ಟು, ಕೊಂಬೆಯ ಮೇಲೆ ಮುಳ್ಳಿನಂಥ ಮೊಗ್ಗುಗಳು ಎಷ್ಟು ಎಂದು ಕೂತು ಎಣಿಸಬಹುದು. ಆ ಮೊಗ್ಗುಗಳೇ ಬೇರೆ ಕೋಶಗಳಿಂದ ಸಂದೇಶ ಬಂದು ಸೇರುವ ತಾವು.

ಎಣಿಸಿದಾಗ ಕಂಡದ್ದು ಇದು. ಒತ್ತಡಕ್ಕೆ ಸಿಕ್ಕ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ, ಸಿಎ3 ಎನ್ನುವ ಭಾಗದಲ್ಲಿ, ಕೊಂಬೆಗಳು ಮೊಟಕಾಗಿದ್ದವು. ಇದು ಬೇರೆ ಕಡೆಯ ಪ್ರಯೋಗಗಳಿಂದ ಮೊದಲೇ ಗೊತ್ತಿದ್ದ ಸಂಗತಿ. ಹೊಸತಾಗಿದ್ದದ್ದು ಅಮಿಗ್ಡಲದ ಕಡೆಯದು: ಅಲ್ಲಿ ಕೊಂಬೆಗಳು ಬೆಳೆದಿದ್ದವು. ಒಂದೇ ಒತ್ತಡ, ಒಂದೇ ಮಿದುಳು, ಆದರೆ ಒಂದು ಕಡೆ ಸೊರಗು, ಇನ್ನೊಂದು ಕಡೆ ಸೊಂಪು.

ಎರಡು ವರ್ಷದ ಬಳಿಕ ಅದೇ ಪ್ರಯೋಗಾಲಯ ಮುಂದಿನ ಪ್ರಶ್ನೆ ಕೇಳಿತು. ಒತ್ತಡ ನಿಲ್ಲಿಸಿ 21 ದಿನ ಇಲಿಗಳನ್ನು ತಮ್ಮ ಪಾಡಿಗೆ ಬಿಟ್ಟರೆ? ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು, ಮೊಟಕಾದ ಕೊಂಬೆಗಳು ಮತ್ತೆ ಚಾಚಿದವು. ಅಮಿಗ್ಡಲದ ಬೆಳವಣಿಗೆ ಮಾತ್ರ ಹಾಗೇ ಉಳಿಯಿತು. ಇಲಿಗಳ ಅಳುಕೂ ಉಳಿಯಿತು. ಅಳುಕನ್ನು ಅಳೆಯಲು ಒಂದು ಸಲಕರಣೆ ಇದೆ: ನೆಲದಿಂದ ಎತ್ತರದಲ್ಲಿ ಕೂಡು ಚಿಹ್ನೆಯಾಕಾರದ ನಾಲ್ಕು ತೋಳುಗಳು, ಎರಡಕ್ಕೆ ಗೋಡೆ, ಎರಡು ಬಯಲು. ಹೆದರಿದ ಇಲಿ ಗೋಡೆಯ ಮರೆಯಿಂದ ಹೊರಗೆ ಬರುವುದು ಕಡಿಮೆ. ಮೂರು ವಾರ ನೆಮ್ಮದಿಯಾಗಿದ್ದ ಮೇಲೂ ಇವು ಗೋಡೆಯ ಮರೆ ಬಿಟ್ಟು ಬರಲು ಹಿಂಜರಿದವು.

ಇಲಿಯಿಂದ ಮನುಷ್ಯನಿಗೆ ನೇರ ಗೆರೆ ಎಳೆಯಬಾರದು, ನಿಜ. ಆದರೆ ಸೊರಗಿದ ಭಾಗಕ್ಕೆ ವಿಶ್ರಾಂತಿ ಸಾಕು, ಸೊಂಪಾಗಿ ಬೆಳೆದ ಭಾಗಕ್ಕೆ ಸಾಲದು ಅನ್ನುವ ಈ ಚಿತ್ರ, ಭಯದಿಂದ ನರಳುವವರನ್ನು ಹತ್ತಿರದಿಂದ ನೋಡಿದ ಯಾರಿಗೂ ಹೊಸದಲ್ಲ. ರಜೆ ಮುಗಿಸಿ ಬಂದವರ ಮುಖದಲ್ಲಿ ಕಳೆ ಇರುತ್ತದೆ, ಮರೆವು ಕಡಿಮೆಯಾಗಿರುತ್ತದೆ, ಊಟ ಸೇರುತ್ತದೆ. ಅದೇ ರಸ್ತೆ, ಅದೇ ಮೀಟಿಂಗ್ ಕೋಣೆ, ಅದೇ ಫೋನ್ ರಿಂಗ್ ಎದುರಾದ ಕೂಡಲೇ ಎದೆ ಮತ್ತೆ ಝಲ್ಲೆನ್ನುತ್ತದೆ.

2005ರ ಇನ್ನೊಂದು ಪ್ರಯೋಗ ಇದಕ್ಕಿಂತ ಮನಸ್ಸು ಕಲಕುವಂಥದು. ಈ ಸಲ ಒತ್ತಡ ಒಂದೇ ಬಾರಿ, 2 ಗಂಟೆ. ಮರುದಿನ ನೋಡಿದರೆ ಅಮಿಗ್ಡಲದಲ್ಲಿ ಏನೂ ಬದಲಾಗಿಲ್ಲ, ಅಳುಕೂ ಹೆಚ್ಚಿಲ್ಲ. 10 ದಿನ ಬಿಟ್ಟು ನೋಡಿದರೆ ಕೊಂಬೆಗಳ ಮೇಲೆ ಮೊಗ್ಗುಗಳು ಹೆಚ್ಚಿವೆ, ಅಳುಕೂ ಹೆಚ್ಚಿದೆ. ಪೆಟ್ಟು ಬಿದ್ದ ದಿನ ಕಾಣದ್ದು ಆಮೇಲೆ ಮೊಳೆಯಿತು. ಅಪಘಾತದ ಮರುದಿನ "ನಾನು ಆರಾಮಾಗಿದ್ದೀನಿ" ಅಂದವರು ಮೂರನೇ ವಾರ ನಿದ್ದೆಯಿಂದ ಬೆಚ್ಚಿ ಏಳುವುದನ್ನು ನೋಡಿದವರಿಗೆ ಇದರ ತೂಕ ಗೊತ್ತಾಗುತ್ತದೆ. ಇದೇ ಗುಂಪು ಮುಂದೆ, 2012ರಲ್ಲಿ, ಆ ಪೆಟ್ಟಿಗೆ ಮುಂಚೆಯೇ ಇಲಿಗಳಿಗೆ ಒತ್ತಡದ ಹಾರ್ಮೋನನ್ನು ಕೊಟ್ಟಿದ್ದರೆ ಈ ತಡವಾದ ಪರಿಣಾಮ ತಡೆಯುತ್ತದೆ ಎಂದು ತೋರಿಸಿತು. ಮನುಷ್ಯರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಅಂದರೆ ವಿಷ ಎಂಬಂತೆ ಬರೆಯುವವರು ಈ ಫಲಿತಾಂಶವನ್ನು ಒಮ್ಮೆ ನೋಡಬೇಕು.

ಹಾಗಾದರೆ ಪೆಟ್ಟಾದ ಮೊದಲ ವಾರಗಳಲ್ಲಿ ಏನು ಮಾಡಬೇಕು? ಮಾಡಬಾರದ್ದೇ ಹೆಚ್ಚು. ನಡೆದದ್ದನ್ನೆಲ್ಲ ಕೂರಿಸಿಕೊಂಡು ಬಾಯಿಬಿಡಿಸಬೇಡಿ. ಹಾಗೆ ಒಂದೇ ಬೈಠಕ್‌ನಲ್ಲಿ ಎಲ್ಲ ಹೇಳಿಸುವ ಪದ್ಧತಿ ಒಂದು ಕಾಲಕ್ಕೆ ಜೋರಾಗಿತ್ತು. ಅದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚುತ್ತದೆ ಎಂದು ತಿಳಿದ ಮೇಲೆ ಕೈಬಿಟ್ಟರು. ತಾವಾಗಿ ಹೇಳಿದರೆ ಕೇಳಿ. ನಿದ್ದೆ ಬರಲಿ ಎಂದು ಮನೆಯಲ್ಲಿದ್ದ ಯಾರದೋ ಆಲ್‌ಪ್ರಜೋಲಮ್ ಮಾತ್ರೆ ಕೊಡಬೇಡಿ. ಆಘಾತದ ಮೊದಲ ತಿಂಗಳು ಈ ಬಗೆಯ ಮಾತ್ರೆಗಳನ್ನು ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಹೆಂಡಕ್ಕೂ ಇದೇ ಮಾತು. ಊಟ, ಜನರ ಜೊತೆ, ಎಂದಿನ ಕೆಲಸದ ಒಂದು ಸಣ್ಣ ಪಾಲು, ರಾತ್ರಿ ಒಬ್ಬರೇ ಇರದ ಹಾಗೆ ವ್ಯವಸ್ಥೆ: ಮೊದಲ ದಿನಗಳಿಗೆ ಇಷ್ಟು ಮುಖ್ಯ. ಒಂದು ತಿಂಗಳು ದಾಟಿದ ಮೇಲೂ ಬೆಚ್ಚುವುದು, ಕೆಟ್ಟ ಕನಸು, ಆ ಜಾಗದಿಂದ ತಪ್ಪಿಸಿಕೊಂಡು ತಿರುಗುವುದು ಉಳಿದಿದ್ದರೆ ಆಗ ಚಿಕಿತ್ಸೆ ಬೇಕೇಬೇಕು.

ಇಷ್ಟು ಓದಿ ಅಮಿಗ್ಡಲವೇ ಭಯದ ಮನೆ ಅಂದುಕೊಂಡರೆ ತಪ್ಪಾಗುತ್ತದೆ. ಅಮೆರಿಕದ ಅಯೋವಾದಲ್ಲಿ ಎಸ್.ಎಂ. ಎಂಬ ಗುರುತಿನಿಂದ ಸಂಶೋಧನೆಗಳಲ್ಲಿ ಹೆಸರಾದ ಒಬ್ಬ ಮಹಿಳೆಗೆ ಅಪರೂಪದ ಕಾಯಿಲೆಯಿಂದ ಎರಡೂ ಬದಿಯ ಅಮಿಗ್ಡಲ ನಾಶವಾಗಿವೆ. ಪ್ರಾಣಿ ಮಾರುವ ಅಂಗಡಿಗೆ ಕರೆದೊಯ್ದಾಗ ಹಾವನ್ನು ಕೈಯಲ್ಲಿ ಹಿಡಿದು ಕುತೂಹಲದಿಂದ ನೋಡುತ್ತ ನಿಂತರು. ಭೂತಬಂಗಲೆಯಂಥ ಜಾಗದಲ್ಲಿ ಉಳಿದವರಿಗಿಂತ ಮುಂದೆ ನಡೆದರು. ಆದರೆ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶೇ. 35ರಷ್ಟು ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿಯನ್ನು ಒಮ್ಮೆ ಎಳೆದುಕೊಂಡಾಗ, ಇದೇ ಮಹಿಳೆ ಮುಖವಾಡ ಕಿತ್ತೆಸೆಯುವಷ್ಟು ಗಾಬರಿಗೊಂಡರು. ಹೊರಗಿನ ಅಪಾಯ ಅವರಿಗೆ ಭಯ ತರಲಿಲ್ಲ, ಒಳಗಿನ ಉಸಿರುಕಟ್ಟು ತಂದಿತು. ಭಯದ ಪ್ರಯೋಗಗಳಿಗೇ ಜೀವನ ಕೊಟ್ಟ ಜೋಸೆಫ್ ಲೆಡೂ ಕೂಡ ಅಮಿಗ್ಡಲವನ್ನು 'ಭಯದ ಕೇಂದ್ರ' ಅನ್ನಬೇಡಿ, ಅದು ಅಪಾಯ ಗುರುತಿಸಿ ಮೈಯನ್ನು ಸಜ್ಜುಗೊಳಿಸುವ ಜಾಲದ ಭಾಗ, ನಾವು ಅನುಭವಿಸುವ ಭಯ ಬೇರೆಯದೇ ಹಂತ ಎಂದು ಒತ್ತಿ ಹೇಳುತ್ತ ಬಂದಿದ್ದಾರೆ.

ಆ ಬೇರೆ ಹಂತ ಯಾವುದು? ಕನ್ನಡದ ಆಡುಮಾತು ಅದನ್ನು ಯಾವತ್ತೋ ಹಿಡಿದಿಟ್ಟಿದೆ. ಎದೆ ಝಲ್ಲೆಂದಿತು, ಕರುಳು ಚುರುಕ್ಕೆಂದಿತು, ಕೈಕಾಲು ತಣ್ಣಗಾಯಿತು, ಹೊಟ್ಟೆ ತೊಳಸಿತು, ಜೀವ ಬಾಯಿಗೆ ಬಂತು. ಒಂದೊಂದೂ ಒಳಗಿನ ಒಂದೊಂದು ಅಂಗದ ವರದಿ. ಎದೆಬಡಿತ, ಉಸಿರು, ಕರುಳಿನ ಚಲನೆ, ಚರ್ಮದ ಬಿಸಿ ಇವುಗಳ ಸುದ್ದಿ ಎಡೆಬಿಡದೆ ಮಿದುಳಿಗೆ ಹೋಗುತ್ತಿರುತ್ತದೆ. ಅದು ಬಂದು ಸೇರುವ ಮುಖ್ಯ ಜಾಗ ಇನ್ಸುಲಾ, ಕಿವಿಯ ನೇರಕ್ಕೆ ಒಳಗೆ ಮಡಿಸಿಟ್ಟಂತಿರುವ ಪದರ. 2004ರಲ್ಲಿ ಹ್ಯೂಗೊ ಕ್ರಿಚ್‌ಲಿ ಮತ್ತು ಸಂಗಡಿಗರು, ನಾಡಿ ಮುಟ್ಟದೆ ತಮ್ಮ ಎದೆಬಡಿತವನ್ನು ಸರಿಯಾಗಿ ಗುರುತಿಸಬಲ್ಲವರಲ್ಲಿ ಬಲಬದಿಯ ಇನ್ಸುಲಾದ ಮುಂಭಾಗ ಹೆಚ್ಚು ಚುರುಕಾಗಿರುವುದನ್ನು ಕಂಡರು. ಮಿದುಳು ಆ ಸುದ್ದಿಗೆ ಅರ್ಥ ಹಚ್ಚುತ್ತದೆ. ಮೆಟ್ಟಿಲು ಹತ್ತಿದ ಮೇಲೆ ಎದೆ ಬಡಿದುಕೊಂಡರೆ ಏದುಸಿರು ಅನ್ನುತ್ತೇವೆ. ಕೂತಲ್ಲೇ ಬಡಿದುಕೊಂಡರೆ ಏನೋ ಆಗಬಾರದ್ದು ಆಗುತ್ತಿದೆ ಅನ್ನುತ್ತೇವೆ. ಬಡಿತ ಒಂದೇ, ಹಚ್ಚಿದ ಅರ್ಥ ಬೇರೆ.

ಇಲ್ಲಿಂದಲೇ ಎರಡು ಕೈಗೆಟುಕುವ ದಾರಿಗಳು ಹೊರಡುತ್ತವೆ. ಒಂದು, ಸರಿಯಾದ ಹೆಸರಿಡುವುದು. ಮ್ಯಾಥ್ಯೂ ಲೀಬರ್ಮನ್ ತಂಡದ 2007ರ ಅಧ್ಯಯನದಲ್ಲಿ, ಸಿಟ್ಟು ಅಥವಾ ಭಯ ತುಂಬಿದ ಮುಖಗಳನ್ನು ನೋಡಿ ಆ ಭಾವಕ್ಕೆ ಹೆಸರು ಹಚ್ಚಿದವರಲ್ಲಿ ಅಮಿಗ್ಡಲದ ಸದ್ದು ತಗ್ಗಿತು, ಬಲ ಹಣೆಯ ಹಿಂಭಾಗದ, ಭಾವಗಳನ್ನು ಹತೋಟಿಯಲ್ಲಿಡಲು ನೆರವಾಗುವ ಪ್ರಿಫ್ರಂಟಲ್ ಕಾರ್ಟೆಕ್ಸ್ ಚುರುಕಾಯಿತು. ಈಗ ನಮ್ಮಲ್ಲಿ ಆಗಿರುವ ನಷ್ಟ ನೋಡಿ. ಪರೀಕ್ಷೆ, ಸಾಲ, ಮದುವೆ, ಟ್ರಾಫಿಕ್, ಸಾವು, ಎಲ್ಲದಕ್ಕೂ 'ಟೆನ್ಷನ್' ಎಂಬ ಒಂದೇ ಪದ. ಅಳುಕು, ದಿಗಿಲು, ಕಳವಳ, ತಳಮಳ, ಗಾಬರಿ, ದುಗುಡ, ಹಳಹಳಿ ಒಂದರಂತೆ ಒಂದಿಲ್ಲ. ಕಳವಳ ಮುಂದೆ ಏನಾಗುತ್ತದೋ ಅನ್ನುವುದರ ಬಗ್ಗೆ, ಹಳಹಳಿ ಆಗಿ ಹೋದದ್ದರ ಬಗ್ಗೆ. ಮೊದಲನೆಯದಕ್ಕೆ ಒಂದು ಯೋಜನೆ ಬೇಕು, ಎರಡನೆಯದಕ್ಕೆ ಯೋಜನೆಯಿಂದ ಉಪಯೋಗವಿಲ್ಲ. ಒಂದು ಚೀಟಿಯಲ್ಲಿ ಒಂದೇ ವಾಕ್ಯ ಬರೆಯಿರಿ: ಮೈಯಲ್ಲಿ ಎಲ್ಲಿ ಏನಾಗುತ್ತಿದೆ, ಅದಕ್ಕೆ ಯಾವ ಹೆಸರು, ಯಾವುದರ ಬಗ್ಗೆ. "ಗಂಟಲು ಬಿಗಿದಿದೆ, ಅಳುಕು, ನಾಳೆ ಅಪ್ಪನ ರಿಪೋರ್ಟ್ ಬರುತ್ತೆ." ಇಷ್ಟೇ. ಎರಡು ಪುಟ ಬರೆಯತೊಡಗಿದರೆ ಅದು ಹೆಸರಿಡುವ ಕೆಲಸ ಬಿಟ್ಟು ಮೆಲುಕು ಹಾಕುವ ಕಡೆ ಜಾರುತ್ತದೆ.

ಎರಡನೆಯದು ಉಸಿರು, ಮತ್ತು ಇಲ್ಲಿ ನಾವು ಕೊಡುವ ಸಲಹೆ ಬಹಳ ಸಲ ತಪ್ಪು. ಗಾಬರಿಯಾದವರಿಗೆ "ಜೋರಾಗಿ ಉಸಿರು ಎಳ್ಕೋ" ಅನ್ನುತ್ತೇವೆ. ಅವರು ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡುತ್ತಿದ್ದಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದ ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಹಗುರಾಗುತ್ತದೆ, ರಕ್ತದ ಕ್ಯಾಲ್ಸಿಯಂ ಸಮತೋಲ ಏರುಪೇರಾಗಿ ತುಟಿ, ಬೆರಳು ಜುಮ್ಮೆನ್ನುತ್ತವೆ, ಕೆಲವರಿಗೆ ಬೆರಳುಗಳು ಸೆಟೆದುಕೊಳ್ಳುತ್ತವೆ. ಇದನ್ನೇ ಅವರು "ಸಾಯುತ್ತಿದ್ದೇನೆ" ಎಂದು ಓದಿಕೊಳ್ಳುತ್ತಾರೆ. ಇನ್ನಷ್ಟು ಎಳೆದರೆ ಇನ್ನಷ್ಟು ಜುಮ್ಮು. ಬೇಕಾದ್ದು ನಿಧಾನ ಮತ್ತು ಕಡಿಮೆ. ಮೂಗಿನಿಂದ, ಮೆಲ್ಲಗೆ, 4 ಸೆಕೆಂಡ್ ಒಳಗೆ, 6 ಸೆಕೆಂಡ್ ಹೊರಗೆ. ಹೊಟ್ಟೆ ಏರಿಳಿಯಲಿ, ಭುಜ ಏಳಬಾರದು. ನಿಮಿಷಕ್ಕೆ 6 ಉಸಿರು ಆಗುತ್ತದೆ. ಈ ಗತಿಯಲ್ಲಿ ಉಸಿರಿನ ಲಯವೂ ರಕ್ತದೊತ್ತಡದ ಸಹಜ ಏರಿಳಿತವೂ ಒಂದಕ್ಕೊಂದು ಕೂಡಿಕೊಂಡು ಎದೆಬಡಿತದ ಮೇಲೆ, ಅದನ್ನು ನಿಧಾನಗೊಳಿಸುವ ವೇಗಸ್ ನರದ ಹಿಡಿತ ಹೆಚ್ಚುತ್ತದೆ. ಜಪಮಾಲೆಯ ಪ್ರಾರ್ಥನೆ, ಮಂತ್ರ ಎರಡೂ ಜನರ ಉಸಿರನ್ನು ಸುಮಾರು ಇದೇ ಗತಿಗೆ ತರುತ್ತವೆ ಎಂದು ಇಟಲಿಯ ಪಾವಿಯಾದ ಸಂಶೋಧಕರು 2001ರಲ್ಲಿ ತೋರಿಸಿದ್ದರು. ಆದರೆ ಇದನ್ನು ಗಾಬರಿಯ ನಡುವೆ ಮೊದಲ ಬಾರಿ ಮಾಡಹೊರಟರೆ ಕೈಗೂಡುವುದಿಲ್ಲ. ಬಾವಿಗೆ ಬಿದ್ದ ಮೇಲೆ ಈಜು ಕಲಿಯಲಾಗದು. ದಿನಕ್ಕೆ 10 ನಿಮಿಷ, ಮನಸ್ಸು ತಿಳಿಯಾಗಿದ್ದಾಗ, ಮೂರು ನಾಲ್ಕು ವಾರ. ಕಾಗದದ ಚೀಲದಲ್ಲಿ ಉಸಿರಾಡಿಸುವ ಹಳೆಯ ಉಪಾಯ ಬೇಡ. ಎದೆಯ ಅಥವಾ ಶ್ವಾಸಕೋಶದ ನಿಜವಾದ ಕಾಯಿಲೆ ಇದ್ದವರಿಗೆ ಅದು ಅಪಾಯ.

ಇವೆರಡೂ ಅಲೆಯನ್ನು ತಗ್ಗಿಸುತ್ತವೆ, ಬೇರನ್ನು ಮುಟ್ಟುವುದಿಲ್ಲ. ಬೇರಿನ ಕೆಲಸಕ್ಕೆ ಮಿದುಳು ಹೊಸದಾಗಿ ಏನನ್ನಾದರೂ ಕಲಿಯಬೇಕು. ಇಲ್ಲಿ ರಷ್ಯಾದ ವಿಜ್ಞಾನಿ ಪಾವ್ಲೋವ್‌ನ ನಾಯಿಗಳು ನೂರು ವರ್ಷದಿಂದ ಹೇಳುತ್ತಿರುವ ಪಾಠ ಒಂದಿದೆ. ಪ್ರತಿ ಸಲ ಗಂಟೆ ಬಾರಿಸಿ ಊಟ ಕೊಟ್ಟರೆ ಕೊನೆಗೆ ಗಂಟೆಯ ಸದ್ದಿಗೇ ನಾಯಿ ಜೊಲ್ಲು ಸುರಿಸುತ್ತದೆ. ಆಮೇಲೆ ಹಲವು ಸಲ ಗಂಟೆ ಬಾರಿಸಿ ಊಟ ಕೊಡದೆ ಬಿಟ್ಟರೆ ಜೊಲ್ಲು ಸುರಿಯುವುದು ನಿಲ್ಲುತ್ತದೆ. ಕೆಲವು ಕಾಲ ಬಿಟ್ಟು ಮತ್ತೆ ಗಂಟೆ ಬಾರಿಸಿದರೆ ಮತ್ತೆ ಜೊಲ್ಲು. ಹಳೆಯ ಕಲಿಕೆ ಅಳಿಸಿರಲಿಲ್ಲ, ಅದರ ಮೇಲೆ 'ಈಗ ಇಲ್ಲ' ಎಂಬ ಹೊಸ ಕಲಿಕೆ ಕೂತಿತ್ತು. ಭಯದ ವಿಷಯದಲ್ಲೂ ಹೀಗೇ. 2002ರಲ್ಲಿ ಮೊಹಮ್ಮದ್ ಮಿಲಾದ್ ಮತ್ತು ಗ್ರೆಗರಿ ಕ್ವರ್ಕ್, ಇಲಿಗಳ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಕೆಳಭಾಗದ ಕೋಶಗಳು ಈ ಎರಡನೇ ಕಲಿಕೆಯನ್ನು ನೆನೆಯುವಾಗ ಮಿಡಿಯುತ್ತವೆ ಎಂದು ತೋರಿಸಿದರು. ಹಳೆಯ ಭಯಕ್ಕೆ ಎಲ್ಲ ಜಾಗವೂ ಒಂದೇ. ಹೊಸ ಕಲಿಕೆ ಮಾತ್ರ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಡಾಕ್ಟರ ಕೋಣೆಯಲ್ಲಿ ಹೋದ ಭಯ ಬೀದಿಯಲ್ಲಿ ಮರಳುವುದು ಇದಕ್ಕೇ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಸಂಜೆ ಮಳೆಯಲ್ಲಿ ಒಂದು ತಿರುವಿನಲ್ಲಿ, ಹಿಂದಿನಿಂದ ಲಾರಿ ಹಾರ್ನ್ ಹೊಡೆದಾಗ ಸ್ಕೂಟರ್‌ನಿಂದ ಬಿದ್ದವರು. ಮೂಳೆ ಕೂಡಿದೆ, ಗಾಡಿ ಹತ್ತಲು ಆಗುತ್ತಿಲ್ಲ. ಮೊದಲು 0ಯಿಂದ 100ರ ಅಳತೆಯಲ್ಲಿ ಹೆದರಿಕೆಗೆ ಅಂಕ ಹಾಕಿ ಮೆಟ್ಟಿಲು ಮಾಡಿಕೊಳ್ಳಬೇಕು. ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಇಂಜಿನ್ ಶುರು ಮಾಡಿ ಕೂರುವುದು 30 ಇರಬಹುದು. ಬೆಳಿಗ್ಗೆ 6ಕ್ಕೆ ಮನೆಯ ಬೀದಿಯಲ್ಲಿ ಓಡಿಸುವುದು 45. ಆ ತಿರುವಿನ ಹತ್ತಿರ ನಡೆದು ಹೋಗಿ ಅರ್ಧ ಗಂಟೆ ನಿಂತು ಲಾರಿಗಳ ಸದ್ದು ಕೇಳುವುದು 60. ಭಾನುವಾರ ಬೆಳಿಗ್ಗೆ ಅದೇ ತಿರುವು ದಾಟುವುದು 75. ಸಂಜೆ, ವಾಹನಗಳ ನಡುವೆ, 90. ಕೆಳಗಿನಿಂದ ಶುರು. ಹೋಗುವ ಮುಂಚೆ ಬರೆಯಬೇಕು: "ಕೈ ನಡುಗಿ ಬ್ಯಾಲೆನ್ಸ್ ತಪ್ಪುತ್ತೆ." ಬಂದ ಮೇಲೆ ಬರೆಯಬೇಕು: "ಕೈ ನಡುಗಿತು, ಬ್ಯಾಲೆನ್ಸ್ ತಪ್ಪಲಿಲ್ಲ." ಮಿದುಳು ಕಲಿಯುವುದು ಈ ಎರಡು ಸಾಲುಗಳ ನಡುವಿನ ಅಂತರದಿಂದ. ಹೆದರಿಕೆ ಪೂರ್ತಿ ಇಳಿದೇ ತೀರಬೇಕೆಂದಿಲ್ಲ, ಹೆದರಿದ್ದು ನಡೆಯಲಿಲ್ಲ ಎಂದು ಮನವರಿಕೆಯಾಗುವಷ್ಟು ಹೊತ್ತು ಅಲ್ಲೇ ಇರಬೇಕು.

ಕೆಡುವುದು ಎಲ್ಲಿ? ಅತಿ ಹೆಚ್ಚು ಕೆಡುವುದು, ಹೆದರಿಕೆ ತುದಿಗೇರಿದ ಕ್ಷಣದಲ್ಲೇ ಹಿಂತಿರುಗುವುದರಿಂದ. ಓಡಿ ಬಂದಾಗ ಸಿಗುವ ನಿರಾಳವೇ ಬಹುಮಾನವಾಗಿ, 'ಓಡಿದ್ದಕ್ಕೆ ಉಳಿದೆ' ಎಂದು ಮಿದುಳು ಬರೆದುಕೊಳ್ಳುತ್ತದೆ. ಇನ್ನೊಂದು, ಊರುಗೋಲುಗಳು: ಜೇಬಿನಲ್ಲೊಂದು ಮಾತ್ರೆ, ಬೆನ್ನ ಹಿಂದೆ ಸದಾ ತಮ್ಮ, ಪೂರ್ತಿ ದಾರಿ ಬ್ರೇಕ್ ಮೇಲೆ ಬೆರಳು. ಆಗ ಉಳಿಸಿದ್ದು ಊರುಗೋಲು ಎಂದೇ ದಾಖಲಾಗುತ್ತದೆ. ಹೆಲ್ಮೆಟ್ ಊರುಗೋಲಲ್ಲ, ಅದು ಎಲ್ಲರಿಗೂ ಬೇಕು. ಮೂರನೆಯದು, ಒಂದೇ ಬೀದಿಯಲ್ಲಿ, ಒಂದೇ ಹೊತ್ತಿನಲ್ಲಿ ಅಭ್ಯಾಸ ಮಾಡುವುದು. ಹೊಸ ಕಲಿಕೆ ಜಾಗಕ್ಕೆ ಅಂಟುವುದರಿಂದ ಹಲವು ಜಾಗ, ಹಲವು ಹೊತ್ತು ಬೇಕು. ಮತ್ತು ನಿದ್ದೆ. ಸುಮಾರು 35 ಗಂಟೆ ನಿದ್ದೆಗೆಟ್ಟವರಿಗೆ ಅಹಿತಕರ ಚಿತ್ರ ತೋರಿಸಿದಾಗ ಅಮಿಗ್ಡಲದ ಪ್ರತಿಕ್ರಿಯೆ ಶೇ. 60ರಷ್ಟು ಹೆಚ್ಚಿತ್ತು ಎಂದು 2007ರಲ್ಲಿ ಮ್ಯಾಥ್ಯೂ ವಾಕರ್ ತಂಡ ಕಂಡಿತು. ರಾತ್ರಿ ಪಾಳಿ ಮುಗಿಸಿದ ಬೆಳಿಗ್ಗೆ 75ರ ಮೆಟ್ಟಿಲಿಗೆ ಕೈ ಹಾಕಬಾರದು.

ಧ್ಯಾನದ ಬಗ್ಗೆ ಎರಡು ಮಾತು. ಗಮನವನ್ನು ಉಸಿರಿಗೋ ಮೈಗೋ ಮರಳಿಸುವ ಅಭ್ಯಾಸ ಅನೇಕರಿಗೆ ಆತಂಕ ಇಳಿಸುತ್ತದೆ, ಇದರಲ್ಲಿ ಸಂದೇಹವಿಲ್ಲ. ಆದರೆ 8 ವಾರ ಧ್ಯಾನ ಮಾಡಿದರೆ ಮಿದುಳಿನ ರಚನೆಯೇ ಬದಲಾಗುತ್ತದೆ ಎಂದು 2011ರಿಂದ ಹಬ್ಬಿದ ಮಾತು, 2022ರಲ್ಲಿ ಹೆಚ್ಚು ಜನರನ್ನು ಇಟ್ಟುಕೊಂಡು ಜಾಗ್ರತೆಯಿಂದ ಪರೀಕ್ಷಿಸಿದಾಗ ನಿಲ್ಲಲಿಲ್ಲ. ಇನ್ನೊಂದು ಎಚ್ಚರಿಕೆ: ಆಘಾತ ಕಂಡ ಕೆಲವರಿಗೆ ಕಣ್ಣು ಮುಚ್ಚಿ ಎದೆಬಡಿತ ಕೇಳುವುದೇ ಭಯ ತರುತ್ತದೆ. ಅಂಥವರು ಕಣ್ಣು ತೆರೆದು, ಅಂಗಾಲು ನೆಲಕ್ಕೆ ತಾಗುವುದನ್ನೋ ಹೊರಗಿನ ಸದ್ದನ್ನೋ ಗಮನಿಸುವುದು ಒಳಿತು.

ಎದೆನೋವು, ಉಸಿರುಕಟ್ಟು ಮೊದಲ ಬಾರಿ ಬಂದರೆ ಅದನ್ನು ಮನಸ್ಸಿನದೆಂದು ತೀರ್ಮಾನಿಸುವ ಮುಂಚೆ ಇಸಿಜಿ ಮಾಡಿಸಬೇಕು, ಥೈರಾಯ್ಡ್, ರಕ್ತಹೀನತೆ ನೋಡಿಸಬೇಕು. ಆತಂಕಕ್ಕೆ ವೈದ್ಯರು ಕೊಟ್ಟ ಮಾತ್ರೆ ಪೂರ್ತಿ ಕೆಲಸ ತೋರಲು ಕೆಲವು ವಾರ ಹಿಡಿಯುತ್ತದೆ. ಮೊದಲ ವಾರ ತಳಮಳ ಕೊಂಚ ಹೆಚ್ಚುವುದೂ ಉಂಟು. ತಾವಾಗಿ ಏಕಾಏಕಿ ನಿಲ್ಲಿಸಬಾರದು. ಬದುಕು ಬೇಡ ಅನ್ನುವ ಯೋಚನೆ ಬಂದರೆ ಮೆಟ್ಟಿಲು, ಚೀಟಿ ಎಲ್ಲ ಬದಿಗಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬೇಕು. ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಎಲ್ಲ ಮೆಟ್ಟಿಲು ಹತ್ತಿ, ಆರು ತಿಂಗಳು ನಿರಾಳವಾಗಿ ಓಡಿಸಿದ ಮೇಲೂ ಒಂದು ಸಂಜೆ, ಬೇರೆ ಊರಿನ ಯಾವುದೋ ತಿರುವಿನಲ್ಲಿ, ಮಳೆಯಲ್ಲಿ, ಹಿಂದಿನಿಂದ ಹಾರ್ನ್ ಕೇಳಿ ಕೈ ತಣ್ಣಗಾಗುತ್ತದೆ. ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಆಯಿತು ಅನ್ನಿಸುವುದು ಆಗಲೇ. ಅದು ಪಾವ್ಲೋವ್‌ನ ನಾಯಿಗೆ ಆದದ್ದೇ: ಹಳೆಯದು ಅಳಿದಿರಲಿಲ್ಲ, ಹೊಸದು ಈ ತಿರುವನ್ನು ಇನ್ನೂ ನೋಡಿರಲಿಲ್ಲ. ಬದಿಗೆ ನಿಲ್ಲಿಸಿ, 4 ಒಳಗೆ, 6 ಹೊರಗೆ, ಕೆಲವು ನಿಮಿಷ. ಗಾಡಿಯನ್ನು ಅಲ್ಲೇ ಬಿಟ್ಟು ಆಟೊದಲ್ಲಿ ಮನೆಗೆ ಬರಬಾರದು, ನಿಧಾನವಾಗಿಯಾದರೂ ಓಡಿಸಿಕೊಂಡೇ ಬರಬೇಕು. ಮರುದಿನ 90ರಿಂದ 60ಕ್ಕೆ ಇಳಿದು, ಆ ಹೊಸ ತಿರುವಿನ ಹತ್ತಿರ ಅರ್ಧ ಗಂಟೆ ನಿಂತು ಮತ್ತೆ ಶುರು ಮಾಡಬೇಕು. ಎರಡನೇ ಸಲ ಮೇಲೇರಲು ಮೊದಲ ಸಲದಷ್ಟು ದಿನ ಸಾಮಾನ್ಯವಾಗಿ ಬೇಕಾಗುವುದಿಲ್ಲ.